ನಿಲ್ಲಬಾರದ ಗಾಡಿ

ಕಳೆದ ತಿಂಗಳು ಹೊಳಲ್ಕೆರೆಯ ಸಂತೆಯ ಬಯಲಿನ ಅಂಚಿನಲ್ಲಿ ಒಬ್ಬ ಗಾಡಿಯವನು ಚಕ್ರವನ್ನು ಕಳಚಿ ಅಚ್ಚಿಗೆ ಕೀಲೆಣ್ಣೆ ಬಳಿಯುತ್ತಿದ್ದ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಮಾಡುವ ಆ ಜಿಡ್ಡಿಗೆ ಒಂದು ಕಮಟು ವಾಸನೆಯುಂಟು. ನಾನು ಚಿತ್ರದುರ್ಗದ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಗಾಳಿ ತಿರುಗಿ ಆ ವಾಸನೆ ಮೂಗಿಗೆ ತಾಗಿತು. ಆಮೇಲೆ ಬಸ್ಸು ಬಂದು ನಿಂತದ್ದೂ ಜನ ಹತ್ತಿದ್ದೂ ಹೊರಟುಹೋದದ್ದೂ ನನ್ನ ಗಮನಕ್ಕೆ ಬರಲಿಲ್ಲ. ಹೊತ್ತಿಗೆ ತಪ್ಪಿ ನಡೆದುಕೊಂಡವನಲ್ಲ ನಾನು. ಆದರೆ ಆ ಹೊತ್ತಿನಲ್ಲಿ ನಾನು ಹೊಳಲ್ಕೆರೆಯಲ್ಲಿ ಇರಲೇ ಇಲ್ಲ...

ಆ ವಾಸನೆಯೊಂದಿಗೆ ನೆನಪಿಗೆ ಬಂದಾಕೆ ಒಂದು ಕಾಲಕ್ಕೆ ನನ್ನ ನೆರೆಮನೆಯವಳು. ಹಿರಿಯೂರು ಸೀಮೆಯಲ್ಲಿ, ಬಬ್ಬೂರಿನಿಂದ ಆಚೆಗೆ, ಎರೆನೆಲದ ಒಂದು ಹಳ್ಳಿಗೆ ನಾನು ಉಪಾಧ್ಯಾಯನಾಗಿ ಹೋದದ್ದು ತಲೆಯ ರುಮಾಲೇ ನನಗಿಂತ ದೊಡ್ಡದಾಗಿ ಕಾಣುತ್ತಿದ್ದ ವಯಸ್ಸಿನಲ್ಲಿ. ನನ್ನ ಕೋಣೆಗೂ ಆಕೆಯ ಮನೆಗೂ ನಡುವೆ ಮಣ್ಣಿನ ಗೋಡೆಯೊಂದೇ ಅಡ್ಡ. ಕುರಿ ಸಾಕುವ ಕುಟುಂಬ. ಒಂದು ಜೊತೆ ಎತ್ತು, ಒಂದು ಗಾಡಿ. ಗಂಡ ಮಾತು ಕಡಿಮೆಯ ಮನುಷ್ಯ. ಅವನು ಉಳಿಸಿದ ಮಾತುಗಳನ್ನೆಲ್ಲ ಆಕೆ ಆಡುತ್ತಿದ್ದಳು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಶಾಲೆಯ ಜಗಲಿಯಲ್ಲಿ ನಾನು ಹುಡುಗರ ಓದನ್ನು ತಿದ್ದುವ ದನಿ ಆಕೆಯ ಹಟ್ಟಿಯವರೆಗೂ ಕೇಳುತ್ತಿತ್ತೆಂದು ತೋರುತ್ತದೆ. ಒಂದು ಸಂಜೆ ಗೋಡೆಯ ಮೇಲಿಂದ ಇಣುಕಿ, "ಹುಡುಗ್ರು ತಪ್ಪು ಓದಿದ್ರೆ ಅಷ್ಟೊಂದು ಬೈತೀರಲ್ಲ ಮೇಷ್ಟ್ರೇ, ನಮ್ಮ ಕುರಿ ಒಂದಿನಾನೂ ತಪ್ಪಿಲ್ದಂಗೆ ಬ್ಯಾ ಅಂತವೆ. ನಾಳೆಯಿಂದ ಅವನ್ನೇ ಕಳಿಸ್ಲಾ?" ಎಂದಳು. ನನಗೆ ಸಿಟ್ಟು ಬಂದಿತ್ತು. ಅದನ್ನು ಕಂಡು ಆಕೆ ಇನ್ನಷ್ಟು ನಕ್ಕಿದ್ದಳು.

ಊರಿನ ಮೂಡಣಕ್ಕೆ ಸರ್ಕಾರದ ಕಾವಲು. ಕಣ್ಣು ಹಾಯುವವರೆಗೂ ಹುಲ್ಲು. ನಡುನಡುವೆ ತಂಗಡಿ ಗಿಡ, ಅಲ್ಲೊಂದು ಇಲ್ಲೊಂದು ಜಾಲಿ. ಅರಮನೆಯ ದನಗಳ ಹಿಂಡು ಮೇದು ಮುಂದಕ್ಕೆ ಹೋದ ಮೇಲೆ ಊರಿನ ಕುರಿಗಳನ್ನು ಅಲ್ಲಿಗೆ ಬಿಡುತ್ತಿದ್ದರು. ಯಾರ ಕುರಿಯನ್ನು ಬಿಡಬೇಕು, ಯಾರದನ್ನು ಬಿಡಬಾರದು ಎಂಬ ತೀರ್ಮಾನ ಹೆಸರಿಗೆ ಸರ್ಕಾರದ್ದು. ನಡೆದದ್ದು ಗೌಡರ ಮಾತು. ಆ ಹುಲ್ಲಿಲ್ಲದೆ ಆ ಊರಿನಲ್ಲಿ ಕುರಿ ಉಳಿಯುವಂತಿರಲಿಲ್ಲ.

ಆ ಕಾವಲಿನಲ್ಲಿ ಎರೆಭೂತ ಎಂಬ ಹಕ್ಕಿಯಿತ್ತು. ಹಕ್ಕಿ ಎಂದ ಕೂಡಲೇ ಮನಸ್ಸಿಗೆ ಬರುವ ಗಾತ್ರವನ್ನು ಓದುಗರು ದಯವಿಟ್ಟು ಮರೆಯಬೇಕು. ಅದು ನೆಲದ ಮೇಲೆ ನಡೆದಾಡುವ ಹಕ್ಕಿ. ನಿಂತರೆ ಮನುಷ್ಯನ ಸೊಂಟಕ್ಕೆ ಬರುತ್ತಿತ್ತು. ಬಿಳಿಯ ಉದ್ದನೆಯ ಕೊರಳು, ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆ, ಒಣಹುಲ್ಲಿನ ಬಣ್ಣದ ಮೈ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಗಂಡು ಹಕ್ಕಿ ಕೊರಳ ಚೀಲವನ್ನು ನೆಲಕ್ಕೆ ತಾಗುವಂತೆ ಉಬ್ಬಿಸಿ, ಬಾಲವನ್ನು ಬೆನ್ನಿನ ಮೇಲಕ್ಕೆ ಮಡಿಚಿ ನಿಂತು ಕೂಗುತ್ತಿತ್ತು. ದೊಡ್ಡ ಮಣ್ಣಿನ ಬಾನಿಯೊಳಗೆ ತಲೆ ಹಾಕಿ ಯಾರೋ ಕರೆದಂತಹ ದನಿ. ಹೊಸಬರು ಮೊದಲ ಸಲ ಕೇಳಿದಾಗ ಬೆದರುತ್ತಿದ್ದುದು ಸಹಜವೇ.

ಅದರ ಬಳಿಗೆ ಕಾಲ್ನಡಿಗೆಯಲ್ಲಿ ಹೋಗುವುದು ಆಗದ ಮಾತು. ಮನುಷ್ಯನನ್ನು ಕಂಡರೆ ದೂರದಿಂದಲೇ ಎದ್ದುಹೋಗುತ್ತಿತ್ತು. ಆದರೆ ಎತ್ತಿನ ಗಾಡಿಯನ್ನು ಮಾತ್ರ ಅದು ನಂಬುತ್ತಿತ್ತು. ಆದ್ದರಿಂದ ಬೇಟೆಗಾರರಿಗೊಂದು ಪದ್ಧತಿಯಿತ್ತು. ಜೋಳದ ಸೊಪ್ಪೆ ಹೇರಿದ ಗಾಡಿಯಲ್ಲಿ ಕೋವಿಯವನು ಅಡಗಿ ಮಲಗುವುದು. ಗಾಡಿ ಹಕ್ಕಿಯತ್ತ ನೇರವಾಗಿ ಹೋಗದೆ, ಅದನ್ನು ನಡುವಿಗಿಟ್ಟು ಸುತ್ತುವುದು. ಸುತ್ತು ಬರಬರುತ್ತ ಕಿರಿದಾಗುವುದು. ಎತ್ತಿನ ಗಂಟೆ ನುಡಿಯುತ್ತಿರಬೇಕು, ಹೊಡೆಯುವವನ ಹಾಡು ಕೇಳುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗಾಡಿ ನಿಲ್ಲಬಾರದು. ಹತ್ತಿರವಾದಾಗ ಕೋವಿಯವನು ಹಿಂದಿನಿಂದ ಹುಲ್ಲಿಗೆ ಜಾರಿಕೊಂಡರೂ ಗಾಡಿ ಏನೂ ಆಗದಂತೆ ಮುಂದಕ್ಕೆ ಸಾಗುತ್ತಿರಬೇಕು. ನಿಂತಿತೋ, ಹಕ್ಕಿ ಹಾರಿತು. ಆ ನಡಿಗೆಗೆ ಪಳಗಿದ ಎತ್ತುಗಳು ಊರಿನಲ್ಲಿ ಅಕ್ಕನ ಮನೆಯವು ಮಾತ್ರ. ಹಿಂದಿನ ಮುಂಗಾರುಗಳಲ್ಲಿ ಆಕೆಯ ಗಂಡ ಆ ಕೆಲಸವನ್ನು ಮಾಡಿಕೊಟ್ಟಿದ್ದ.

ಆ ವರ್ಷ ಅಕ್ಕ ತುಂಬು ಬಸುರಿ. ಹೆಂಡತಿ ಬಸುರಿಯಾಗಿರುವಾಗ ಗಂಡ ಜೀವ ತೆಗೆಯಬಾರದೆಂಬುದು ಅವರಲ್ಲಿ ಕಟ್ಟುನಿಟ್ಟು. ಹಿಂದೊಮ್ಮೆ ಅದು ಮುರಿದಿತ್ತು. ಕುರಿದೊಡ್ಡಿಗೆ ನುಗ್ಗಿದ ನಾಗರವನ್ನು ಅವನು ಹೊಡೆದುಹಾಕಿದ. ಆ ಸಲ ಹುಟ್ಟಿದ ಕೂಸು ಅಳಲೇ ಇಲ್ಲ. ಅನಂತರ ಎಷ್ಟೋ ಕಾಲ ಆಕೆಯ ಮಡಿಲು ತುಂಬಿರಲಿಲ್ಲ. ಹಾವಿಗೂ ಕೂಸಿಗೂ ಏನು ಸಂಬಂಧ ಎಂದು ನಾನು ಒಮ್ಮೆ ಕೇಳಿದ್ದೆ. ಆಕೆ ಅಂದು ಮಾತ್ರ ನಗಲಿಲ್ಲ.

ಮೊದಲ ಮಳೆಯಾಗಿ ಎರೆ ಹದವಾಗಿ ಆರಿದ್ದ ಒಂದು ಸಂಜೆ ಗೌಡರು ಆಕೆಯ ಬಾಗಿಲಿಗೆ ಬಂದರು. ಕಾವಲಿನ ಬಳಿ ಒಬ್ಬ ಆಂಗ್ಲ ದೊರೆ ಗುಡಾರ ಹಾಕಿಸಿದ್ದ.

"ಬೆಳಿಗ್ಗೆ ಗಾಡಿ ಕಟ್ಟಪ್ಪ. ದೊರೆಗೆ ಎರೆಭೂತ ಬೇಕಂತೆ," ಎಂದರು ಗೌಡರು.

"ಈ ಸಲ ಆಗಲ್ರಿ ಗೌಡ್ರೇ. ಮನೇಲಿ ಬಸುರಿ ಅವ್ಳೆ."

"ಕೋವಿ ಹಿಡಿಯೋನು ದೊರೆ. ನೀನು ಹಗ್ಗ ಹಿಡಿಯೋನು. ನಿಂಗೆಲ್ಲಿಂದ ಬತ್ತೈತೆ ಪಾಪ?"

"ಹಕ್ಕಿ ನಂಬೋದು ನನ್ನ ಗಾಡೀನಲ್ರಾ?" ಎಂದ ಗಂಡ, ನೆಲವನ್ನು ನೋಡುತ್ತ.

ಗೌಡರು ದನಿ ಏರಿಸಲಿಲ್ಲ. "ಆತು ಬಿಡು. ಗಾಡಿ ಬ್ಯಾಡ. ಈ ವರ್ಷ ನಿನ್ನ ಕುರಿ ಕಾವಲು ಹತ್ತೋದೂ ಬ್ಯಾಡ," ಎಂದು ತಿರುಗಿದರು.

ನಾನು ನನ್ನ ಹೊಸ್ತಿಲಲ್ಲಿ ನಿಂತಿದ್ದೆ. ಒಳಗಿನಿಂದ ಅಕ್ಕ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ.

"ನಿಂತ್ಕಳ್ರಿ ಗೌಡ್ರೇ. ಬಸುರಿ ಗಂಡ ಜೀವ ತೆಗೀಬಾರ್ದು ಅಂತ ಐತೆ. ಬಸುರಿ ಹೆಂಗ್ಸು ಗಾಡಿ ಹೊಡೀಬಾರ್ದು ಅಂತ ಯಾರೂ ಹೇಳಿಲ್ಲ. ನಾನು ಹೊಡೀತೀನಿ."

ಆಕೆಯ ಅತ್ತೆ ಒಳಗಿನಿಂದಲೇ ಕೂಗಿದಳು: "ಲೇ, ನಿಂಗೇನು ದೆವ್ವ ಮೆಟ್ಕಂತಾ?"

"ದೆವ್ವ ಅಲ್ಲತ್ತೆ, ಗೌಡ್ರು ಮೆಟ್ಕಂಡವ್ರೆ," ಎಂದಳು ಆಕೆ. ಗೌಡರೂ ನಕ್ಕರು. ಆದರೆ ಬೇಡ ಎನ್ನಲಿಲ್ಲ. ಎತ್ತುಗಳು ಆಕೆಯ ಮಾತನ್ನೂ ಅಷ್ಟೇ ಕೇಳುತ್ತವೆಂದು ಊರಿಗೆ ತಿಳಿದಿತ್ತು. ಹೋಗುವ ಮುನ್ನ ಅವರು ನನ್ನತ್ತ ನೋಡಿ, "ನಿಮಗೆ ದೊರೆ ಮಾತು ಬತ್ತೈತಲ್ಲ ಮೇಷ್ಟ್ರೇ, ನೀವೂ ಹತ್ರಿ," ಎಂದರು. ಅದು ಕೇಳಿಕೆಯಾಗಿರಲಿಲ್ಲ.

ಮರುದಿನ ಬಿಸಿಲು ಏರುವ ಮುನ್ನ ಗಾಡಿ ಹೊರಟಿತು. ಅಚ್ಚಿಗೆ ಹೊಸ ಕೀಲೆಣ್ಣೆ ಬಳಿದಿದ್ದರು. ನನ್ನ ಬಿಳಿಯ ಅಂಗಿಯನ್ನು ಕಂಡು ಅಕ್ಕ, "ಹಿಂಗೇ ಬಂದ್ರೆ ಹಕ್ಕಿ ಮದ್ಲು ನಿಮ್ಮನ್ನೇ ನೋಡಿ ಓಡ್ತೈತೆ," ಎಂದು ಒಂದು ಕಂಬಳಿಯನ್ನು ನನ್ನ ತಲೆಯ ಮೇಲೆ ಹೊದಿಸಿದಳು. ದೊರೆ ಸೊಪ್ಪೆಯ ಕೆಳಗೆ ಮಲಗಿದ್ದ. ಜೋಡಿನಳಿಗೆಯ ಕೋವಿ, ಅದರ ತುದಿ ನನ್ನ ಮಂಡಿಯ ಪಕ್ಕದಲ್ಲಿತ್ತು. ಅವನು ಕೆಟ್ಟವನೆಂದು ನಾನು ಹೇಳಲಾರೆ. ಬಸುರಿ ಹೆಂಗಸು ಗಾಡಿ ಹೊಡೆಯುತ್ತಾಳೆಂದು ತಿಳಿದಾಗ, ಆಕೆಗೆ ತೊಂದರೆಯಾಗದೇ ಎಂದು ಕೇಳಿದ. ನಾನು ಅನುವಾದಿಸಿದೆ. "ತೊಂದ್ರೆ ಅಂದ್ರೆ ವಾಪಸ್ ಹೋಗ್ತಾನಂತಾ, ಕೇಳ್ರಿ," ಎಂದಳು. ಅದನ್ನೂ ಅನುವಾದಿಸಿದೆ. ಅವನು ಸೊಪ್ಪೆಯನ್ನು ಮೈಮೇಲೆ ಎಳೆದುಕೊಂಡ.

ಗಂಡ ಗೌಡರ ಜೊತೆ ದೂರದ ಒಡ್ಡಿನ ಮೇಲೆ ನಿಂತಿದ್ದ. ಗಾಡಿಯನ್ನು ಮುಟ್ಟಬಾರದೆಂದು ಆಕೆಯೇ ಅವನಿಗೆ ಕಟ್ಟು ಹಾಕಿದ್ದಳು. ಎತ್ತನ್ನು ಹೂಡಿದ್ದೂ ಆಕೆಯೇ.

"ಇದು ನಿಮ್ಮ ನೇಮಕ್ಕೆ ಒಪ್ಪುತ್ತದೆಯೇ ಅಕ್ಕ?" ಎಂದು ನಾನು ಮೆಲ್ಲಗೆ ಕೇಳಿದೆ.

"ನೇಮ ಮಾಡಿದೋರು ಗಂಡುಸ್ರು ಮೇಷ್ಟ್ರೇ. ಹೆಂಗ್ಸು ಹಗ್ಗ ಹಿಡೀತಾಳೆ ಅಂತ ಅವರಿಗೆ ಹೊಳೀಲಿಲ್ಲ. ಅವರು ಮರ್ತದ್ದು ನಂಗೆ ದಾರಿ ಆತು." ಹೇಳಿದ್ದು ನಗುತ್ತಲೇ. ಆದರೆ ಹಗ್ಗ ಹಿಡಿದ ಬೆರಳುಗಳ ಗೆಣ್ಣುಗಳು ಬೆಳ್ಳಗಾಗಿದ್ದವು. ಆ ದಾರಿಯ ಮೇಲೆ ಆಕೆಗೆ ಪೂರ್ತಿ ನಂಬಿಕೆ ಇರಲಿಲ್ಲವೆಂದು ನನಗೆ ಆಗಲೇ ತಿಳಿಯಿತು.

ಕಾವಲಿನ ನಡುವೆ ಗಂಡು ಹಕ್ಕಿ ನಿಂತಿತ್ತು. ಬೆಳಗಿನ ಬಿಸಿಲಿನಲ್ಲಿ ಅದರ ಕೊರಳು ಸುಣ್ಣ ಬಳಿದ ಕಲ್ಲಿನಂತೆ ಕಾಣುತ್ತಿತ್ತು. ಉಬ್ಬಿತು, ಕೂಗಿತು; ಸುಮ್ಮನಾಯಿತು; ಮತ್ತೆ ಉಬ್ಬಿತು. ಅಕ್ಕ ಬೀಸುವಾಗ ಹೇಳುವ ಹಾಡೊಂದನ್ನು ಎತ್ತಿಕೊಂಡು ಮೊದಲ ಸುತ್ತನ್ನು ಬಹಳ ದೂರದಿಂದ ಹಾಕಿದಳು. ಗಾಲಿ ಗೊರಸಿನ ಗುಂಡಿಗಳಿಗೆ ಬಿದ್ದು ಏಳುವಾಗಲೆಲ್ಲ ಹಾಡು ಒಂದು ಕ್ಷಣ ತುಂಡಾಗುತ್ತಿತ್ತು. ಆಕೆ ತುಟಿ ಕಚ್ಚಿ, ಉಸಿರು ಬಿಟ್ಟು, ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಿದ್ದಳು. ನನಗೆ ಹಕ್ಕಿಯ ಮೇಲೆ ಕಣ್ಣಿರಲಿಲ್ಲ. ಆಕೆಯ ಹೊಟ್ಟೆಯ ಮೇಲಿತ್ತು.

ಸುತ್ತು ಕಿರಿದಾಯಿತು. ಹಕ್ಕಿ ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿತು. ಗಂಟೆಯನ್ನೂ ಹಾಡನ್ನೂ ಕೇಳಿ ಮತ್ತೆ ತನ್ನ ಕೆಲಸಕ್ಕೆ ತೊಡಗಿತು. ಅದರ ಆ ನಂಬಿಕೆಯನ್ನು ನೋಡುವುದು ನನಗೆ ಕಷ್ಟವಾಯಿತು. ಸೊಪ್ಪೆಯ ಕೆಳಗಿಂದ ದೊರೆ, ನಿಲ್ಲಿಸಬೇಡ ಎಂದು ಹೇಳು, ಎಂದು ಪಿಸುಗುಟ್ಟಿದ. ನಾನು ಹೇಳಿದೆ. ಆಕೆ ಹಾಡು ನಿಲ್ಲಿಸದೆ ತಲೆಯಾಡಿಸಿದಳು. ಅವನು ಹಿಂದಿನಿಂದ ಹುಲ್ಲಿಗೆ ಜಾರಿದ. ಗಾಡಿ ಹಗುರವಾದದ್ದು ನಮ್ಮಿಬ್ಬರಿಗೂ ತಿಳಿಯಿತು. ಇನ್ನು ಒಂದಷ್ಟು ದೂರ ಗಾಡಿ ಹಾಗೆಯೇ ಸಾಗಿದರೆ ಸಾಕಾಗಿತ್ತು. ಕುರಿಗಳಿಗೆ ಹುಲ್ಲು ಸಿಗುತ್ತಿತ್ತು. ಗಂಡನ ಕೈಗೆ ರಕ್ತ ಅಂಟುತ್ತಿರಲಿಲ್ಲ.

ಆಕೆ ಹಗ್ಗವನ್ನು ಎದೆಗೆ ಎಳೆದುಕೊಂಡಳು. ಎತ್ತುಗಳು ನಿಂತವು. ಗಂಟೆಗಳು ನಿಂತವು.

ಹಕ್ಕಿಯ ಕೊರಳ ಚೀಲ ಒಮ್ಮೆಲೇ ಇಳಿದುಹೋಯಿತು. ಅದು ಓಡಿತು, ಭಾರವಾದ ರೆಕ್ಕೆಗಳನ್ನು ಬಡಿದು ನೆಲದಿಂದ ಎದ್ದಿತು. ಹಿಂದಿನಿಂದ ಕೋವಿ ಹಾರಿತು. ಎತ್ತುಗಳು ಬೆಚ್ಚಿ ನೊಗವನ್ನು ಜಗ್ಗಿದವು. ಹಕ್ಕಿ ಬೀಳಲಿಲ್ಲ. ತಂಗಡಿ ಗಿಡಗಳ ಮೇಲೆ ತಗ್ಗಾಗಿ ಹಾರಿ, ಬಯಲಿನ ಆಚೆಯ ಅಂಚಿನಲ್ಲಿ ಚಿಕ್ಕದಾಗಿ, ಇಲ್ಲವಾಯಿತು.

"ಯಾಕೆ ಅಕ್ಕ?" ಎಂದೆ. ಆಕೆ ಬಾರುಕೋಲಿನಿಂದ ಬಲಗಡೆಯ ಎತ್ತಿನ ಮುಂದಿನ ನೆಲವನ್ನು ತೋರಿಸಿದಳು.

ಅಲ್ಲೊಂದು ಹೆಣ್ಣು ಹಕ್ಕಿ. ಗೂಡಿಲ್ಲ, ಹುಲ್ಲಿನ ಹಾಸಿಲ್ಲ. ಬರಿಯ ನೆಲದ ಮೇಲೆ, ಕೊರಳನ್ನು ಮಣ್ಣಿಗೆ ಚಾಚಿ ಕುಳಿತಿತ್ತು. ಗಾಲಿ ಇನ್ನೊಂದು ಸಲ ಉರುಳಿದ್ದರೆ ಅದರ ಮೇಲೆಯೇ. ಎತ್ತು ಮೂಗು ಚಾಚಿ ಬುಸುಗುಟ್ಟಿತು. ಆಗ ಹಕ್ಕಿ ಅರ್ಧ ಎದ್ದು ರೆಕ್ಕೆಗಳೆರಡನ್ನೂ ನೆಲದುದ್ದಕ್ಕೂ ಹರಡಿತು. ಕಾಲ ನಡುವೆ ಒಂದೇ ಒಂದು ಮೊಟ್ಟೆ. ಅದು ಹಾರಲಿಲ್ಲ. ಎತ್ತಿನ ಮುಖಕ್ಕೆದುರಾಗಿ ಬಾಯಿ ತೆರೆದು ನಿಂತಿತು.

ದೊರೆ ಕಾಲು ಬಡಿಯುತ್ತ ಬಂದ, ಮುಖ ಕೆಂಪಾಗಿತ್ತು. ಹಕ್ಕಿಯನ್ನು ಕಂಡು ನಿಂತ. ಕೋವಿಯ ಒಂದು ನಳಿಗೆ ಖಾಲಿಯಾಗಿತ್ತು, ಇನ್ನೊಂದು ಖಾಲಿಯಾಗಿರಲಿಲ್ಲ. ಅದು ಅವನಿಗೂ ನನಗೂ ಆಕೆಗೂ ಗೊತ್ತಿತ್ತು. ಅವನು ಕೋವಿಯನ್ನು ಭುಜಕ್ಕೇರಿಸಿದ.

ಅಕ್ಕ ನೊಗದ ಮೂಕಿಮರವನ್ನು ಹಿಡಿದುಕೊಂಡು, ಮೆಲ್ಲಗೆ, ಒಂದೊಂದೇ ಕಾಲು ಊರಿ ಗಾಡಿಯಿಂದ ಇಳಿದಳು. ಹಕ್ಕಿಯ ಪಕ್ಕಕ್ಕೆ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ಇಲ್ಲಿ ಇಬ್ರು ಬಸುರೀರು ಇದೀವಿ. ಮದ್ಲು ಯಾರಿಗೆ ಹೊಡೀತಾನೆ ಕೇಳ್ರಿ ಮೇಷ್ಟ್ರೇ."

ಆ ಮಾತನ್ನು ಮೆದುಗೊಳಿಸಿ ಹೇಳುವ ದಾರಿಗಳು ನನಗೆ ತೋಚದೆ ಇರಲಿಲ್ಲ. ಆದರೆ ಆಕೆ ಹೇಳಿದ್ದನ್ನು ಆಕೆ ಹೇಳಿದಂತೆಯೇ ಹೇಳಿದೆ. ದೊರೆ ಕೋವಿಯ ಮೇಲಿನಿಂದ ಆಕೆಯನ್ನು ನೋಡಿದ. ಗಾಳಿಯಿರಲಿಲ್ಲ. ಒಡ್ಡಿನ ಕಡೆಯಿಂದ ಯಾರೋ ಓಡಿ ಬರುತ್ತಿರುವುದು ಕಾಣಿಸುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆವೋ... ಕೊನೆಗೆ, ಗುಂಡು ಹಾರಿಸಲು ಎತ್ತಿದ್ದ ಕೋವಿಯ ಕುದುರೆಯನ್ನು ಅವನು ಮೆಲ್ಲಗೆ ಇಳಿಸಿದ ಸದ್ದು ಕೇಳಿತು. ಮನುಷ್ಯನನ್ನು ಕಂಡೂ ಓಡದೆ ನಿಂತ ಹಕ್ಕಿಗೆ ತಾನು ಗುಂಡು ಹಾರಿಸುವುದಿಲ್ಲ, ಅದು ಬೇಟೆಯಲ್ಲ ಎಂದು ಅವನು ಹೇಳಿದ.

ನಾನು ಅದನ್ನು ತಿಳಿಸಿದೆ. ಆಕೆ ಹಕ್ಕಿಯ ಪಕ್ಕದಿಂದ ಕದಲಲಿಲ್ಲ. ಬಾಯಿಯನ್ನೂ ಮುಚ್ಚಲಿಲ್ಲ. "ಓಡೋದಕ್ಕೆ ಮಾತ್ರ ಹೊಡೀತಾನಾ? ಹಂಗಾದ್ರೆ ನಾನೂ ಓಡಲ್ಲ ಅಂತ ಹೇಳ್ರಿ."

ಓಡಿಬಂದವನು ಆಕೆಯ ಗಂಡ. ಏದುಸಿರಿನಲ್ಲಿ ಅವನ ಬಾಯಿಂದ ಬಂದದ್ದು ಒಂದೇ ಮಾತು: "ಸತ್ತೋತಾ?"

"ಇಲ್ಲ."

ಅವನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟ. ಆಕೆ ನನ್ನತ್ತ ತಿರುಗಿ, "ಕೇಳಿದ್ದು ಹಕ್ಕೀನ, ನನ್ನನ್ನಲ್ಲ. ನೋಡಿದ್ರಾ ಮೇಷ್ಟ್ರೇ?" ಎಂದಳು. ಆಗ ಆಕೆಯ ಕಣ್ಣಿನಲ್ಲಿ ನೀರಿತ್ತು. ಎತ್ತುಗಳನ್ನು ಹಿಂದಕ್ಕೆ ಸರಿಸಿ, ಹಕ್ಕಿಯನ್ನು ಬಳಸಿಕೊಂಡು, ನಾವು ನಡೆದೇ ಊರಿಗೆ ಬಂದೆವು.

ದೊರೆ ಆಕೆಯ ಮೇಲೆ ದೂರು ಹೇಳಲಿಲ್ಲ. ಗುಡಾರ ಕಿತ್ತು ಹೊರಟುಹೋದ. ಆದರೆ ಅತಿಥಿಯೆದುರು ತಲೆ ತಗ್ಗಿಸಿದ್ದು ಗೌಡರು. ಅವರು ಆಕೆಯ ಬಾಗಿಲಿಗೆ ಮತ್ತೆ ಬರಲಿಲ್ಲ. ಕಾವಲುಗಾರನ ಬಾಯಲ್ಲಿ ಹೇಳಿಕಳಿಸಿದರು. ಕುರಿಗಳಿಗೆ ಕಾವಲು ಮುಚ್ಚಿತು. ನಾನು ಗೌಡರ ಬಳಿಗೆ ಹೋಗಿ, ನಿಂತ ಕಾರಣವನ್ನು ಕ್ರಮವಾಗಿ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು. "ನೀವು ಹೇಳೋದೆಲ್ಲ ಸರಿ ಐತೆ ಮೇಷ್ಟ್ರೇ. ಒಬ್ಳು ನಿಲ್ಸಿದ್ಲು ಅಂತ ಬಿಟ್ರೆ ನಾಳೆ ಊರೇ ನಿಲ್ಸ್ತೈತೆ," ಎಂದರು.

ಅಕ್ಕನ ಮನೆಯವರು ಊರು ಬಿಟ್ಟ ಬೆಳಿಗ್ಗೆ ಸಣ್ಣ ತುಂತುರು. ಕುರಿಗಳ ಜೊತೆ ಗಂಡ ಮುಂದೆ, ಗಾಡಿಯಲ್ಲಿ ಪಾತ್ರೆ, ಕಂಬಳಿ, ಅತ್ತೆ, ಮತ್ತು ಆಕೆ. ಹೊಸದುರ್ಗದ ಕಡೆ ನೆಂಟರಿದ್ದಾರೆ, ಅಲ್ಲಿಂದಾಚೆ ಹುಲ್ಲು ಕಂಡಲ್ಲಿಗೆ ಎಂದರು. ಅತ್ತೆ ಒಂದೇ ಸಮನೆ ಬೈಯುತ್ತಿದ್ದಳು: ಹಕ್ಕಿಗೋಸ್ಕರ ಮನೆ ಕಳೆದಳೆಂದು. ಆಕೆ ಎದುರಾಡಲಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂಬುದು ಇನ್ನೂ ಆಕೆಯ ಹೊಟ್ಟೆಯಲ್ಲೇ ಇತ್ತು. ಹುಟ್ಟಿದ ಮೇಲಲ್ಲವೇ ತಿಳಿಯುವುದು? ನನ್ನನ್ನು ಕಂಡು, "ನಮ್ಮ ಕುರೀನ ಕೊನೆಗೂ ಶಾಲೆಗೆ ಸೇರಿಸ್ಕಳ್ಲಿಲ್ಲ ನೀವು," ಎಂದಳು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಗಂಟೆ ಸ್ವಲ್ಪ ಹೊತ್ತು ಕೇಳಿಸಿತು...

ಚಳಿ ಬಿದ್ದ ಮೇಲೆ ಕಂಬಳಿ ಮಾರುವವನೊಬ್ಬ ಸುದ್ದಿ ತಂದ. ದಾರಿಯ ಮೇಲೆ, ಯಾರದೋ ಕಣದ ಬದಿಯಲ್ಲಿ ಹೆರಿಗೆಯಾಯಿತಂತೆ. ಹೆಣ್ಣು ಕೂಸು. "ಅತ್ತಿತೇ?" ಎಂದು ನಾನು ಕೇಳಿದೆ. ಅವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಯ್ಯೋ, ಊರಿಗೇ ಕೇಳಂಗೆ ಅಳ್ತಿತ್ರೀ," ಎಂದ. ಆ ದಿನ ನಾನು ಶಾಲೆಯಲ್ಲಿ ಯಾರ ಓದನ್ನೂ ತಿದ್ದಲಿಲ್ಲ. ಕುರಿಗಳಲ್ಲಿ ಅರ್ಧಕ್ಕರ್ಧ ಮೇವಿಲ್ಲದೆ ದಾರಿಯಲ್ಲೇ ಹೋದವೆಂದೂ ಅವನೇ ಹೇಳಿದ.

ಅನಂತರ ನನಗೆ ವರ್ಗವಾಯಿತು. ಊರಿಂದ ಊರಿಗೆ ಬದುಕು ಸಾಗಿತು. ಈಗ ಕೆಲಸದಿಂದಲೂ ಬಿಡುಗಡೆಯಾಗಿದೆ. ಹುಡುಕಬಹುದಾಗಿತ್ತು; ಎಲ್ಲೋ ಇದ್ದಾಳೆ, ಯಾರನ್ನೋ ನಗಿಸುತ್ತಿದ್ದಾಳೆ ಎಂಬ ಭರವಸೆಯಲ್ಲಿ ಇದ್ದುಬಿಟ್ಟೆ. ಹೊಳಲ್ಕೆರೆಯಲ್ಲಿ ಬಸ್ಸು ತಪ್ಪಿದ ಮೇಲೆ ಮಾತ್ರ ಇರಲಾಗಲಿಲ್ಲ. ಕುರಿಯವರನ್ನು ವಿಚಾರಿಸುತ್ತ ಹೋದೆ. ಹೊರಕೆರೆದೇವಪುರದಿಂದ ಆಚೆಗೆ ಒಂದು ಚಿಕ್ಕ ಊರಿನಲ್ಲಿ ಮನೆ ಸಿಕ್ಕಿತು. ಆಕೆ ಸಿಗಲಿಲ್ಲ. ಹೋದ ಮಾಗಿಯಲ್ಲಿ ತೀರಿಕೊಂಡಿದ್ದಳು.

ಬಾಗಿಲು ತೆರೆದವಳು ಮಗಳು. ಅದೇ ಅಗಲವಾದ ಹಣೆ. ಕಂಕುಳಲ್ಲಿ ತನ್ನದೊಂದು ಕೂಸು. "ಒಳಕ್ಕೆ ಬರ್ರಿ, ಕುಂತ್ಕಳ್ರಿ," ಎಂದು ಚಾಪೆ ಹಾಸಿದಳು. ನಾನು ಯಾರೆಂದು ಹೇಳಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ.

"ಅವ್ವ ನನ್ನ ಬೈವಾಗೆಲ್ಲ 'ನಿನ್ನಿಂದ ನಾನು ಹುಲ್ಲು ಕಳ್ಕಂಡೆ' ಅಂತಿದ್ಲು. ಯಾವ ಹುಲ್ಲವ್ವ ಅಂದ್ರೆ ನಗೋಳು. ಹೇಳ್ಲೇ ಇಲ್ಲ," ಎಂದಳು.

ನಾನು ಹೇಳಿದೆ. ಗೌಡರ ಮಾತು, ಗಾಡಿ, ಹಾಡು, ನಿಂತ ಗಂಟೆ, ರೆಕ್ಕೆ ಹರಡಿದ ತಾಯಿ, ಎಲ್ಲವನ್ನೂ ಆದ ಕ್ರಮದಲ್ಲಿಯೇ ಹೇಳಿದೆ. ಅವಳ ಕೂಸು ನಿದ್ದೆ ಹೋಯಿತು. ಕೇಳಿ ಮುಗಿಸಿ ಅವಳು ಅದನ್ನು ಮಡಿಲಿಗೆ ಸರಿಸಿಕೊಂಡಳು. ಆಮೇಲೆ, "ಆ ಹಕ್ಕಿ ಹೆಂಗಿರ್ತೈತೆ? ನಾನು ನೋಡೇ ಇಲ್ಲ. ಈಗ ಅಲ್ಲಿಗೆ ಹೋದ್ರೆ ಅವೆಯಾ?" ಎಂದು ಕೇಳಿದಳು.

ಅಕ್ಕನನ್ನು ಹುಡುಕಿ ಹೊರಡುವ ಮುನ್ನ ನಾನು ಹಳೆಯ ಊರಿಗೂ ಹೋಗಿದ್ದೆ. ಕಾವಲಿನ ಬಹುಭಾಗಕ್ಕೆ ನೇಗಿಲು ಬಿದ್ದಿದೆ, ಕಡಲೆಕಾಯಿ ಬೆಳೆಯುತ್ತಾರೆ. ಉಳಿದ ಹುಲ್ಲಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ಅಲೆದೆ. ಬಾನಿಯೊಳಗಿನ ಆ ಕೂಗು ಕೇಳಲಿಲ್ಲ. ಕುರಿ ಕಾಯುತ್ತಿದ್ದವನನ್ನು ಕೇಳಿದರೆ ಅವನಿಗೆ ಆ ಹಕ್ಕಿಯ ಹೆಸರೂ ತಿಳಿಯದು.

ಇಲ್ಲ ಎಂದು ಅವಳಿಗೆ ಹೇಳಲು ನನ್ನಿಂದಾಗಲಿಲ್ಲ. ಚಾಪೆಯಿಂದ ಎದ್ದು ನಿಂತು, ಅಂಗೈಯನ್ನು ನನ್ನ ಸೊಂಟದ ಮಟ್ಟಕ್ಕೆ ಚಾಚಿ ಹಿಡಿದು, "ಇಷ್ಟೆತ್ತರ ಇತ್ತಮ್ಮ," ಎಂದೆ. ಅವಳು ನನ್ನ ಕೈಯ ಕೆಳಗಿನ ಬರಿಯ ಜಾಗವನ್ನು ನೋಡುತ್ತ ಕುಳಿತಳು.